ಹದಿನಾಲ್ಕು ಪ್ರಶ್ನೆಗೆ ಒಂದೇ ಗೆರೆ

ಕಟ್ಟಡದ ಕೆಲಸದವರೆಲ್ಲ ಅವನನ್ನು ‘ಮೇಲಿನವನು’ ಎಂದೇ ಕರೆಯುತ್ತಿದ್ದರು. ಕ್ರೇನಿನ ತುದಿಯಲ್ಲಿ, ಒಬ್ಬನೇ ಕೂರಬಹುದಾದ ಗಾಜಿನ ಕ್ಯಾಬಿನ್ನಿನಲ್ಲಿ ಅವನು ಹದಿನೇಳು ವರ್ಷ ಕಳೆದಿದ್ದ. ಕೆಳಗಿನಿಂದ ‘ಇನ್ನೊಂದು ಗೇಣು’ ಎಂದು ಸನ್ನೆ ಬಂದರೆ ಕಂಬಿಯ ಕಟ್ಟು ಒಂದು ಗೇಣೇ ಇಳಿಯುತ್ತಿತ್ತು, ಒಂದು ಬೆರಳೂ ಹೆಚ್ಚಲ್ಲ.

ಬೆಳಿಗ್ಗೆ ಏಳಕ್ಕೆ ಹತ್ತಿದರೆ ಇಳಿಯುವುದು ಸಂಜೆಗೆ. ನಡುವೆ ಮೂತ್ರಕ್ಕೆಂದು ಇಳಿದು ಹತ್ತಿದರೆ ಮುಕ್ಕಾಲು ಗಂಟೆ ಕೆಲಸ ನಿಲ್ಲುತ್ತದೆ, ಕೆಳಗಿನವರ ಬಾಯಿಗೆ ಬೀಳಬೇಕಾಗುತ್ತದೆ. ಕ್ಯಾಬಿನ್ನಿನಲ್ಲಿ ಬಾಟಲಿ ಇಟ್ಟುಕೊಳ್ಳುವವರೂ ಇದ್ದರು. ಇವನಿಗೆ ಅದು ಅಸಹ್ಯ. ಹಾಗಾಗಿ ಹಗಲಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದ. ಅದನ್ನು ಶಿಸ್ತು ಎಂದು ಹೇಳಿಕೊಳ್ಳುತ್ತಿದ್ದ. ಕೂತು ಕೂತು ಬಂದ ಬೆನ್ನುನೋವಿಗೆ ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ, ದಿನಕ್ಕೆ ಎರಡು. ಅದನ್ನು ಏನೆಂದೂ ಹೇಳಿಕೊಳ್ಳುತ್ತಿರಲಿಲ್ಲ.

ಕಂಪನಿ ವರ್ಷಕ್ಕೊಮ್ಮೆ ಆರೋಗ್ಯದ ಫಾರಂ ಕೊಡುತ್ತಿತ್ತು. ಹದಿನಾಲ್ಕು ಪ್ರಶ್ನೆ, ಪಕ್ಕದಲ್ಲಿ ‘ಹೌದು’ ಮತ್ತು ‘ಇಲ್ಲ’. ಒಂದಕ್ಕೆ ಹೌದು ಎಂದರೂ ವೈದ್ಯರ ಪತ್ರ ಬರುವ ತನಕ ಏಣಿ ಹತ್ತುವಂತಿಲ್ಲ. ಆದ್ದರಿಂದ ಕ್ರೇನ್ ನಡೆಸುವವರು ಪ್ರಶ್ನೆ ಓದುವುದಿಲ್ಲ. ‘ಇಲ್ಲ’ದ ಸಾಲಿನ ಮೇಲೆ ತಲೆಯಿಂದ ಬುಡದವರೆಗೆ ಒಂದು ಗೆರೆ ಎಳೆದು ಸಹಿ ಹಾಕುತ್ತಾರೆ. ಹಳಬರು ಹೊಸಬರಿಗೆ ಮೊದಲು ಕಲಿಸುವುದೇ ಇದನ್ನು.

ಆ ಬೇಸಿಗೆಯಲ್ಲಿ ಅವನಿಗೆ ಹೊಟ್ಟೆನೋವು ಶುರುವಾಯಿತು. ರಕ್ತನಾಳಕ್ಕೆ ಬಣ್ಣದ ಔಷಧಿ ಚುಚ್ಚಿ ತೆಗೆಯುವ ಸ್ಕ್ಯಾನ್ ಆಗಬೇಕೆಂದು ಆಸ್ಪತ್ರೆಯಲ್ಲಿ ಹೇಳಿದರು. ಹೆಂಡತಿ ಜೊತೆಗೆ ಹೋದಳು. ಶಾಲೆಯ ಸಮವಸ್ತ್ರ ಹೊಲಿಯುವ ಆಕೆಯ ಕೊರಳಲ್ಲಿ ಅಳತೆ ಟೇಪು ಹಾಗೇ ಉಳಿದಿತ್ತು.

ಸ್ಕ್ಯಾನ್ ಮಾಡುವ ಹುಡುಗಿ ಫಾರಂ ಕೊಟ್ಟಳು. ಅದರಲ್ಲೂ ‘ಹೌದು’, ‘ಇಲ್ಲ’ ಎಂದು ಎರಡು ಸಾಲು. ಅವನು ಪೆನ್ನು ತೆಗೆದುಕೊಂಡು ಒಂದು ಗೆರೆ ಎಳೆದ.

“ರೀ, ಬೆನ್ನಿನ ಮಾತ್ರೆ?” ಎಂದಳು ಹೆಂಡತಿ.

“ಅದು ಕಾಯಿಲೆಗೆ ತಗೊಳ್ಳೋದಲ್ಲ ಕಣೇ, ಕೆಲಸಕ್ಕೆ ತಗೊಳ್ಳೋದು.”

“ಇಷ್ಟು ಬೇಗ ಓದಿಬಿಟ್ರಾ?” ಎಂದು ಹುಡುಗಿ ಕೇಳಿದಳು.

“ನಮಗೆ ಅಭ್ಯಾಸ ಇದೆ ಮೇಡಂ.”

ಯಾರಾದರೂ ‘ಹೌದು’ ಎಂದರೆ ಮಾತ್ರ ಮೊದಲು ಕಿಡ್ನಿಯ ರಕ್ತಪರೀಕ್ಷೆ ಮಾಡುವುದು ಅಲ್ಲಿನ ಕ್ರಮ. ಇವನದು ಎಲ್ಲವೂ ಇಲ್ಲ. ಆ ಹುಡುಗಿ ಇನ್ನೊಮ್ಮೆ ಕೇಳಬಹುದಿತ್ತು; ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು.

ಸೂಜಿ ಚುಚ್ಚಿದಾಗ ಮೈಯೆಲ್ಲ ಬಿಸಿಯಾಯಿತು, ನಾಲಗೆಗೆ ಕಬ್ಬಿಣದ ರುಚಿ ಬಂತು. “ಇವತ್ತು, ನಾಳೆ ಚೆನ್ನಾಗಿ ನೀರು ಕುಡೀರಿ. ಈ ಔಷಧಿ ಕಿಡ್ನಿ ದಾಟಿಕೊಂಡೇ ಆಚೆ ಹೋಗಬೇಕು,” ಎಂದಳು ಹುಡುಗಿ. ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿದ್ದವನು ತಲೆಯಾಡಿಸಿದ. ಮರುದಿನ ಏಳಕ್ಕೆ ಕ್ರೇನ್ ಹತ್ತಿದ. ಕಾಂಕ್ರೀಟು ಹಾಕುವ ದಿನ. ನೀರು ಮುಟ್ಟಲಿಲ್ಲ, ಮಾತ್ರೆ ಎರಡೂ ನುಂಗಿದ.

ಮೂರನೆಯ ದಿನ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡ. “ನಿನ್ನೆಯಿಂದ ಮೂತ್ರಕ್ಕೆ ಒಂದೇ ಸಲ ಹೋಗಿದ್ದು. ಮೈ ಈಗ ಪೂರ್ತಿ ಪಳಗಿದೆ ನೋಡು.”

“ಒಂಟೆನ ಕಟ್ಕೊಂಡಿದ್ದೀನಿ ಅಂತ ನನಗೆ ಗೊತ್ತಿರಲಿಲ್ಲ.”

ನಾಲ್ಕನೆಯ ದಿನ ಕಾಲಿಗೆ ಬೂಟು ಹತ್ತಲಿಲ್ಲ. ಕಾಲುಚೀಲದ ಗುರುತು ಕಣಕಾಲಿನಲ್ಲಿ ಹೊಲಿಗೆಯ ಹಾಗೆ ಒತ್ತಿ ನಿಂತಿತ್ತು. ಆಕೆ ಕೊರಳಿನ ಟೇಪು ತೆಗೆದು ಕಣಕಾಲಿಗೆ ಸುತ್ತಿದಳು. ಅವನ ಪ್ಯಾಂಟುಗಳನ್ನೆಲ್ಲ ಹೊಲಿದವಳಿಗೆ ಅವನ ಅಳತೆ ಬಾಯಿಪಾಠ. ಒಂದೂವರೆ ಅಂಗುಲ ಹೆಚ್ಚಾಗಿತ್ತು.

“ಏಳಿ, ಆಸ್ಪತ್ರೆಗೆ.”

“ಇವತ್ತು ತೊಲೆ ಎತ್ತೋದಿದೆ.”

“ಮೊದಲು ಕಾಲು ಎತ್ತಿ.”

ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಒಂದರ ಆಸುಪಾಸಿನಲ್ಲಿರಬೇಕು. ಅವನದು ಆರು ದಾಟಿತ್ತು. ಹೊಟ್ಟೆಯ ಸ್ಕ್ಯಾನಿನಲ್ಲಿ ಏನೂ ಸಿಕ್ಕಿರಲಿಲ್ಲ. ಕಿಡ್ನಿಯ ವೈದ್ಯರು ಆ ಫಾರಂ ತರಿಸಿ ಅವನ ಮುಂದೆ ಹಿಡಿದರು.

“ಈ ಗೆರೆ ನಿಮ್ಮದೇನಾ?”

“ಹೌದು ಸಾರ್.”

“ಬರೀ ಸ್ಕ್ಯಾನಿನ ಔಷಧಿ ಆಗಿದ್ದರೆ ಬಹುಶಃ ಏನೂ ಆಗ್ತಿರಲಿಲ್ಲ. ದಿನಾ ಎಷ್ಟೋ ಜನಕ್ಕೆ ಚುಚ್ತಾರೆ. ವರ್ಷಗಟ್ಟಲೆ ನೋವಿನ ಮಾತ್ರೆ, ಒಣಗಿದ ಮೈ, ಅದರ ಮೇಲೆ ಇದು. ಕಿಡ್ನಿ ಎಷ್ಟು ಅಂತ ತಡ್ಕೊಳ್ಳುತ್ತೆ?”

“ಕ್ರೇನ್ ಯಾವಾಗ ಹತ್ತಬಹುದು ಸಾರ್?”

ವೈದ್ಯರು ಫಾರಂ ಮಡಚಿಟ್ಟರು.

ಮೂರು ಬಾರಿ ಡಯಾಲಿಸಿಸ್ ಆಯಿತು. ಅವನ ಮೂತ್ರವನ್ನು ಗೀಟು ಹಾಕಿದ ಜಗ್ಗಿನಲ್ಲಿ ಅಳೆದು ಬರೆದಿಡುವ ಕೆಲಸವನ್ನು ಹೆಂಡತಿಯೇ ವಹಿಸಿಕೊಂಡಳು. ಕ್ಯಾಬಿನ್ನಿನಲ್ಲಿ ಬಾಟಲಿಗೆ ಅಸಹ್ಯಪಟ್ಟವನು ಪರದೆಯ ಹಿಂದೆ ಮಂಚದ ಮೇಲೆ ಕೂತು ಜಗ್ಗು ಹಿಡಿದು ಕಾಯುತ್ತಿದ್ದ. “ಐವತ್ತು ಎಂಎಲ್. ನಿನ್ನೆಗಿಂತ ಇಪ್ಪತ್ತು ಜಾಸ್ತಿ,” ಎಂದು ಆಕೆ ಹೇಳಿದ ದಿನ ಅವನು ಗೋಡೆಯ ಕಡೆ ತಿರುಗಿಕೊಂಡ. ನಂತರ ಮೂತ್ರ ದಿನದಿನಕ್ಕೆ ಹೆಚ್ಚಿತು. ಕ್ರಿಯಾಟಿನಿನ್ ಇಳಿಯುತ್ತಾ ಬಂದು ಎರಡರ ಹತ್ತಿರ ನಿಂತಿತು. ವಾರಗಳು ಕಳೆದರೂ ಅಲ್ಲಿಂದ ಕದಲಲಿಲ್ಲ.

“ಕಿಡ್ನಿಯ ಶಕ್ತಿ ಅರ್ಧಕ್ಕಿಂತ ಕಡಿಮೆ ಉಳಿದಿದೆ,” ಎಂದರು ವೈದ್ಯರು. “ಇನ್ನೊಂದು ಸಲ ಮೈ ಒಣಗಿಸಿಕೊಂಡ್ರೆ, ಇನ್ನೊಂದು ಪಟ್ಟಿ ಆ ಮಾತ್ರೆ ತಿಂದ್ರೆ, ಅದೂ ಹೋಗುತ್ತೆ.”

ಎರಡು ತಿಂಗಳ ಮೇಲೆ ಕಂಪನಿಯ ಫಾರಂ ಮನೆಗೇ ಬಂತು. ಸೋಮವಾರದವರೆಗೆ ಅವನ ಸೀಟು ಖಾಲಿ ಇಟ್ಟಿರುತ್ತೇವೆ ಎಂದು ಮೇಲ್ವಿಚಾರಕ ಹೇಳಿಕಳಿಸಿದ್ದ. ಆಸ್ಪತ್ರೆಯ ವಿಷಯ ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಗದದಲ್ಲಿ ‘ಇಲ್ಲ’ ಎಂದಿದ್ದರೆ ಅವರಿಗೆ ಸಾಕಾಗಿತ್ತು.

ಅವನು ಹೊಲಿಗೆ ಯಂತ್ರದ ಮೇಲಿದ್ದ ಪೆನ್ನಿಗೆ ಕೈ ಹಾಕಿದ. ಆಕೆ ಮೊದಲೇ ಎತ್ತಿಕೊಂಡಳು.

“ಕೊಡು ಇಲ್ಲಿ. ಒಂದು ನಿಮಿಷದ ಕೆಲಸ.”

“ಓದೋದು ನಾನು, ಹೇಳೋದು ನೀವು, ಬರೆಯೋದೂ ನಾನು. ಒಂದನೇದು, ಫಿಟ್ಸ್ ಬರುವುದುಂಟೆ?”

“ನನಗೆ ಫಿಟ್ಸ್ ಬರಲ್ಲ ಅಂತ ನಿನಗೆ ಗೊತ್ತಿಲ್ವಾ?”

“ಬಾಯಲ್ಲಿ ಹೇಳಿ.”

“ಇಲ್ಲ.”

ಎಂಟನೇ ಪ್ರಶ್ನೆಯ ತನಕ ಹಾಗೇ ನಡೆಯಿತು.

“ಒಂಬತ್ತನೇದು. ಮೂತ್ರಪಿಂಡದ ತೊಂದರೆ ಇದೆಯೆ?”

“ಮುಂದಿನದು ಓದು.”

“ಮೊದಲು ಇದು.”

“ಹೌದು ಅಂದ್ರೆ ನನ್ನನ್ನ ಕೆಳಗೆ ಹಾಕ್ತಾರೆ.”

“ನೆಲದ ಮೇಲೆ ತಾನೇ. ನೆಲದ ಕೆಳಗೆ ಅಲ್ವಲ್ಲ.”

ಅವನು ಯಂತ್ರದ ಚಕ್ರವನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದ. ಆಕೆ ಪೆನ್ನನ್ನು ಕಾಗದದಿಂದ ಎತ್ತಲಿಲ್ಲ. ಅಲ್ಲೊಂದು ಶಾಯಿಯ ಚುಕ್ಕೆ ಹರಡಿತು.

“ಹೌದು ಅಂತ ಹಾಕು,” ಎಂದ.

“ಹತ್ತನೇದು. ದಿನವೂ ನೋವಿನ ಮಾತ್ರೆ ಸೇವಿಸುತ್ತೀರಾ?”

“ಇಲ್ಲ.”

“ನಿಜವಾಗ್ಲೂ?”

“ನಿಜವಾಗ್ಲೂ.”

ಈಗ ಅವನು ಅದೇ ಕ್ರೇನಿನ ಬುಡದಲ್ಲಿ ವಾಕಿಟಾಕಿ ಹಿಡಿದು ಸನ್ನೆ ಕೊಡುತ್ತಾನೆ. ಪಕ್ಕದಲ್ಲಿ ನೀರಿನ ಕ್ಯಾನು. ಹೆಸರು ಮಾತ್ರ ಬದಲಾಗಿಲ್ಲ. ಅಭ್ಯಾಸದಿಂದಲೋ ಕುಚೋದ್ಯದಿಂದಲೋ ಜನ ಇನ್ನೂ ಮೇಲಿನವನೆಂದೇ ಕರೆಯುತ್ತಾರೆ. ಆ ಸೀಟಿನಲ್ಲೀಗ ಎರಡು ಮಕ್ಕಳ ತಂದೆಯೊಬ್ಬ ಕೂರುತ್ತಾನೆ. ಹನ್ನೊಂದು ಗಂಟೆಗೆ ಇವನು ಕೇಳುತ್ತಾನೆ: “ನೀರು ಕುಡಿದೆಯಾ?”

“ಕುಡಿದೆ ಅಣ್ಣಾ,” ಎಂದು ಮೇಲಿನಿಂದ ತಟ್ಟನೆ ಉತ್ತರ ಬರುತ್ತದೆ. ಸಂಜೆಯ ತನಕ ಆತ ಇಳಿಯುವುದಿಲ್ಲ.

ಅದೂ ಪ್ರಶ್ನೆ ಓದದೆ ಎಳೆದ ಒಂದು ಗೆರೆ ಎಂದು ಇವನಿಗೆ ಗೊತ್ತು. ಹನ್ನೆರಡಕ್ಕೆ ಮತ್ತೆ ಕೇಳುತ್ತಾನೆ. ದಿನವಿಡೀ ಕತ್ತೆತ್ತಿ ನೋಡಿ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಮಾತ್ರೆ ನುಂಗುವಂತಿಲ್ಲ.