ಮಾಸ್ತರರು ಬರೆದ ಮಾತುಗಳು

ಮಾಸ್ತರರ ಕೊರಳಿನ ಬುಡದಲ್ಲಿ, ಎರಡು ಎಲುಬು ಕೂಡುವ ಕುಳಿಯಲ್ಲಿ, ಒಂದು ತೂತಿತ್ತು. ಅದರ ಮುಂದೆ ಮಡಿಸಿದ ಬಿಳಿ ಬಟ್ಟೆಯ ತುಂಡೊಂದು ತೂಗುತ್ತಿತ್ತು. ಅವರು ಉಸಿರಾಡಿದಾಗಲೆಲ್ಲ ಅದು ಸಣ್ಣಗೆ ಉಬ್ಬಿ ಇಳಿಯುತ್ತಿತ್ತು, ನಕ್ಕರೆ ಪಟಪಟ ಬಡಿದುಕೊಳ್ಳುತ್ತಿತ್ತು. ಸದ್ದಿಲ್ಲದ ಆ ನಗುವನ್ನು ಮೊದಲ ಸಲ ಕಂಡ ದಿನ, ಎತ್ತ ನೋಡಬೇಕೆಂದು ತಿಳಿಯದೆ ಕೈಯಲ್ಲಿದ್ದ ಬಂಗಡೆ ಮೀನಿನ ಚೀಲವನ್ನೇ ನೋಡುತ್ತ ನಿಂತಿದ್ದೆ.

ಅಂಕೋಲೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದವರು. ಗಂಟಲಿನ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ನೌಕರಿ ಬಿಟ್ಟು ಮನೆಯಲ್ಲಿ ಕೂತರು. ಪುಕ್ಕಟೆ ಸಿಗುವ ಆಫೀಸು ತಂತ್ರಾಂಶವೊಂದನ್ನು ಬಳಸುವವರಿಗಾಗಿ ಇಂಟರ್ನೆಟ್ಟಿನಲ್ಲಿ ಒಂದು ವೇದಿಕೆಯಿದೆ. ಯಾವ ದೇಶದವರಾದರೂ ಅಲ್ಲಿ ತಮ್ಮ ತೊಡಕು ಬರೆಯಬಹುದು, ಗೊತ್ತಿದ್ದವರು ಉತ್ತರ ಹೇಳಬಹುದು. ಯಾರಿಗೂ ಸಂಬಳವಿಲ್ಲ. ಮಾಸ್ತರರು ಬೆಳಿಗ್ಗೆ ಗಂಜಿ ಉಂಡು ಕಂಪ್ಯೂಟರಿನ ಮುಂದೆ ಕೂತರೆ ಮಧ್ಯಾಹ್ನದ ಊಟಕ್ಕೆ ಕೂಗಬೇಕಿತ್ತು. ಉಂಡು ಮತ್ತೆ ಅಲ್ಲಿಗೇ. ಆ ವೇದಿಕೆಯ ಯಾವ ಪುಟ ತೆರೆದರೂ ಕೆಳಗೆಲ್ಲೋ ಅವರ ಉತ್ತರವೊಂದು ಇದ್ದೇ ಇರುತ್ತಿತ್ತು. ನನಗೆ ಅವರು ಸಿಕ್ಕಿದ್ದೂ ಅಲ್ಲಿಯೇ.

ಆಗ ನಾನು ಕಾರವಾರದ ಬೈತಖೋಲದಲ್ಲಿ ಮೀನುಗಾರರ ಸಂಘವೊಂದರ ಆಫೀಸಿಗೆ ಹೊಸದಾಗಿ ಸೇರಿದ್ದೆ. ಮೊಣಕಾಲು ಕೆಟ್ಟು ಅಪ್ಪ ಬೋಟಿಗೆ ಹೋಗುವುದನ್ನು ಬಿಟ್ಟಿದ್ದರು. ಮನೆ ನನ್ನ ದುಡಿಮೆಯ ಮೇಲೆ ನಿಂತಿತ್ತು. ಸಂಘದವರು ಹಳೆಯ ಕಂಪ್ಯೂಟರ್ ತೆಗೆದು ಹೊಸದು ತಂದರು. ಅದರಲ್ಲಿ ಫೈಲು ತೆರೆದರೆ ಕನ್ನಡದಲ್ಲಿದ್ದ ಸದಸ್ಯರ ಹೆಸರೆಲ್ಲ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿದ್ದವು. “ಸೋಮವಾರದೊಳಗೆ ಸರಿ ಮಾಡು. ಆಗೂದಿಲ್ಲ ಅಂದ್ರೆ ಹೇಳು, ಬೇರೆಯವರನ್ನ ನೋಡ್ತೇವೆ” ಅಂದರು ಕಾರ್ಯದರ್ಶಿ.

ನನಗೆ ಬಂದ ಹರಕು ಇಂಗ್ಲಿಷಿನಲ್ಲಿ ಆ ವೇದಿಕೆಯಲ್ಲಿ ಬರೆದೆ. ಯಾರೋ ಒಬ್ಬಾತ, ಮೊದಲು ಪ್ರಶ್ನೆ ಕೇಳುವುದನ್ನು ಕಲಿತು ಬಾ ಎಂದು ಉತ್ತರಿಸಿದ. ಮುಖ ಬಿಸಿಯಾಯಿತು. ಬರೆದದ್ದನ್ನು ಅಳಿಸಬೇಕು ಅನ್ನುವಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಉತ್ತರ ಬಂತು, ಕನ್ನಡದಲ್ಲಿ: “ಗಾಬರಿಯಾಗಬೇಡಿ. ಹೆಸರುಗಳು ಎಲ್ಲಿಗೂ ಹೋಗಿಲ್ಲ, ಅಂಗಿ ಬದಲಿಸಿವೆ. ಪ್ರಶ್ನೆ ಚೆನ್ನಾಗಿಯೇ ಕೇಳಿದ್ದೀರಿ. ಇನ್ನು ಕನ್ನಡದಲ್ಲೇ ಬರೆಯಿರಿ.”

ಹಳೆಯ ಕನ್ನಡ ಫಾಂಟಿನ ಅಕ್ಷರಗಳನ್ನು ಈಗಿನ ಕನ್ನಡಕ್ಕೆ ತಿರುಗಿಸುವ ಬಗೆಯನ್ನು ಅವರು ಒಂದೊಂದೇ ಹೆಜ್ಜೆಯಾಗಿ ಹೇಳಿಕೊಟ್ಟರು. ನಾನು ಎಡವಿದಲ್ಲೆಲ್ಲ ನಿಂತು ಕಾದರು. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಅಪ್ಪನ ಹೆಸರು ಕನ್ನಡದಲ್ಲಿ ಮೂಡಿತು. ಕಣ್ಣು ತುಂಬಿ ಬಂದು ಉಳಿದ ಹೆಸರುಗಳು ಕಾಣಲಿಲ್ಲ.

ಫೋನ್ ನಂಬರ್ ಕೇಳಿದೆ. “ಫೋನ್ ಬೇಡ, ಬರೆದರೆ ಸಾಕು” ಅಂದರು. ದೊಡ್ಡವರ ಬಿಗುಮಾನ ಇರಬೇಕು ಅಂದುಕೊಂಡೆ. ಆದರೆ ನಾನು ಬೈತಖೋಲದವಳು ಎಂದು ತಿಳಿದಾಗ ಅವರೇ, “ಹಾಗಾದರೆ ನೆರೆಯವರಾದಿರಿ. ನಾನು ಅಂಕೋಲೆ” ಎಂದು ಬರೆದರು. ಆ ಭಾನುವಾರ ಹಾರ್ಬರಿನಿಂದ ತಾಜಾ ಬಂಗಡೆ ಕಟ್ಟಿಸಿಕೊಂಡು ಅಂಕೋಲೆಯ ಬಸ್ಸು ಹತ್ತಿದೆ.

“ಮಾತಾಡೂಕೆ ಆಗೂದಿಲ್ಲ ಮಗಾ ಅವ್ರಿಗೆ. ನೀನು ಮಾತಾಡು, ಕೇಳ್ತಾರೆ” ಎಂದು ಒಳಗೆ ಕರೆದವರು ಅವರ ಹೆಂಡತಿ. ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ನಾನು ಅವರನ್ನು ಮಾವಶಿ ಎಂದೇ ಕರೆದೆ. ಆಮೇಲೆ ಆ ಮನೆಗೆ ಹೋಗಲು ಕಾರಣ ಬೇಕಾಗಲಿಲ್ಲ.

ಮಾಸ್ತರರು ಯಾರಿಗೂ ಇದನ್ನು ಆಗಲೇ ಹೇಳಿಯಾಗಿದೆ ಎನ್ನುತ್ತಿರಲಿಲ್ಲ. ವಯಸ್ಸಾದವರೊಬ್ಬರು, ಯಾವ ದೇಶದವರೋ, ಅಕ್ಷರ ದೊಡ್ಡದು ಮಾಡುವುದು ಹೇಗೆಂದು ಮತ್ತೆ ಮತ್ತೆ ಕೇಳುತ್ತಿದ್ದರು. ಉಳಿದವರು ರೇಗಿ ಸುಮ್ಮನಾದರು. ಮಾಸ್ತರರು ಪ್ರತಿಸಲವೂ ಹೊಸದಾಗಿ ಬರೆದರು. ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಕೀಲಿಮಣೆ ಎಳೆದುಕೊಂಡು ನನಗಾಗಿ ಟೈಪು ಮಾಡಿದರು: “ಅವರಿಗೆ ಮರೆತಿದೆ. ಹಾಗಾಗಿ ಅವರು ಕೇಳುತ್ತಿರುವುದು ಮೊದಲನೇ ಸಲ.”

ಇದನ್ನೆಲ್ಲ ನೋಡುತ್ತ ಮಾವಶಿ ಬಾಗಿಲ ಬಳಿ ಕಾಯಿ ತುರಿಯುತ್ತಿದ್ದರು. ಒಂದು ದಿನ ತುರಿಯುವುದನ್ನು ನಿಲ್ಲಿಸಿ ಅಂದರು: “ಊರಿಗೆಲ್ಲ ಉತ್ತರ ಕೊಡ್ತಾರೆ. ನನ್ನ ಪಾಲಿಗೆ ಎಂತ ಬಂತು? ಚಾ ಬೇಕು, ನೀರು ಬೇಕು, ಸಾಕು. ಬರೀ ಸನ್ನೆ, ಇಲ್ಲಾಂದ್ರೆ ತುಟಿ ಆಡ್ಸೂದು. ಮೊದಲು ಎಷ್ಟು ಮಾತಾಡ್ತಿದ್ರು ಗೊತ್ತಿದ್ಯಾ ಮಗಾ? ಇವ್ರ ಮಾತಲ್ಲಿ ಬಟ್ಟಲಲ್ಲಿನ ಅನ್ನ ಆರಿ ಹೋಗ್ತಿತ್ತು. ಈಗ ಹಗಲೆಲ್ಲ ಆ ಇಂಗ್ಲಿಷಲ್ಲಿ ಎಂತ ಬರೀತಾರೋ, ಯಾರ ಹತ್ರ ನಗ್ತಾರೋ, ಓದೂಕೆ ಬರದ ನನಗೆ ಗೊತ್ತಾಗೂದಿಲ್ಲ.”

ಮಾಸ್ತರರ ಬೆರಳು ಕೀಲಿಗಳ ಮೇಲೆ ನಿಂತಿತು. ಬಳಿಕ ಎದ್ದು ಹೋಗಿ ಮಾವಶಿಯ ಪಕ್ಕ ನೆಲದ ಮೇಲೆ ಕೂತು, ತುರಿದ ಕಾಯಿಯನ್ನು ಬಟ್ಟಲಿಗೆ ತುಂಬತೊಡಗಿದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಕಾಯಿಲೆ ಮರಳಿತು. ಕಾರವಾರದಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಆಫೀಸು ಮುಗಿಸಿ ನಾನು ದಿನಾ ಹೋಗುತ್ತಿದ್ದೆ. ಕೈ ನಡುಗುತ್ತಿದ್ದುದರಿಂದ ಅವರಿಗೆ ಟೈಪು ಮಾಡಲಾಗುತ್ತಿರಲಿಲ್ಲ. ಆದರೂ ವೇದಿಕೆಯಲ್ಲಿ ಏನು ಬಂದಿದೆ ಎಂದು ಕಣ್ಣಲ್ಲೇ ಕೇಳುತ್ತಿದ್ದರು. ಒಂದು ಸಂಜೆ ಪ್ರಶ್ನೆಯೊಂದನ್ನು ಓದಿ ಹೇಳಿದೆ. ಕರೆಂಟು ಹೋಗಿ ತನ್ನ ಪ್ರಬಂಧದ ಫೈಲೇ ಕಾಣೆಯಾಗಿದೆ ಎಂದು ಯಾವುದೋ ಹುಡುಗಿ ಗೋಳಾಡಿದ್ದಳು. ಮಾಸ್ತರರ ತುಟಿಗಳು ಆಡಿದವು. ನನಗೆ ಏನೂ ತಿಳಿಯಲಿಲ್ಲ. ಅವರ ತುಟಿ ಓದುವುದು ಲೋಕದಲ್ಲಿ ಮಾವಶಿಗೆ ಮಾತ್ರ ಬರುತ್ತಿತ್ತು. ಅವರು ಮುಖವನ್ನು ಹತ್ತಿರ ತಂದು ನೋಡಿ, ತಡೆದು ತಡೆದು ಹೇಳಿದರು:

“ಗಾಬರಿಯಾಗಬೇಡ ಅಂತಾರೆ... ಫೈಲು ಹೋಗ್ಲಿಲ್ಲ... ಕಂಪ್ಯೂಟರು ಒಂದು ನಕಲು ಇಟ್ಕಂಡಿರ್ತದೆ... ಎಲ್ಲಿ ಹುಡುಕೂದು ಹೇಳ್ತಾರೆ, ಬರ್ಕೋ...”

ಮಾಸ್ತರರು ಹೇಳಿದರು, ಮಾವಶಿ ಆಡಿದರು, ನಾನು ಬರೆದೆ. ಮುಗಿದ ಮೇಲೆ ಮಾವಶಿ ಅವರ ಹಣೆಯ ಬೆವರು ಒರೆಸುತ್ತ, “ದಿನಾ ಇದನ್ನೇ ಬರೀತಿದ್ರಾ? ಗಾಬರಿಯಾಗಬೇಡ ಅಂತ?” ಎಂದು ಕೇಳಿದರು. ಅವರು ಹೌದೆಂದು ತಲೆಯಾಡಿಸಿದರು. ಫೈಲು ಸಿಕ್ಕಿತೆಂದು ಹುಡುಗಿಯ ಉತ್ತರ ಬರುವ ಹೊತ್ತಿಗೆ ಮಾಸ್ತರರಿಗೆ ಎಚ್ಚರವಿರಲಿಲ್ಲ. ಮತ್ತೆ ಎಚ್ಚರವಾಗಲಿಲ್ಲ.

ಅವರು ತೀರಿಹೋದದ್ದನ್ನು ವೇದಿಕೆಗೆ ತಿಳಿಸುವ ಕೆಲಸ ನನ್ನ ಮೇಲೆ ಬಿತ್ತು. ಅಲ್ಲಿ ಎಷ್ಟೋ ಜನ ಅವರ ಉತ್ತರಕ್ಕೆ ಕಾಯುತ್ತಿದ್ದರು. ನಿಮ್ಮೆಲ್ಲರ ಮಾಸ್ತರರು ಇನ್ನಿಲ್ಲ, ಅವರಿಗೆ ಮಾತು ಬರುತ್ತಿರಲಿಲ್ಲ ಎಂದು ಬರೆದೆ. ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಪ್ರಶ್ನೆ ಕೇಳಲು ಕಲಿತು ಬಾ ಎಂದಿದ್ದಾತನೂ ಬರೆದ, ತಾನು ಕೆಲಸ ಕಲಿತದ್ದು ಇವರಿಂದಲೇ ಎಂದು. ಈಗ ನಾನೂ ಅಲ್ಲಿ ಬಿಡುವಾದಾಗ ಉತ್ತರ ಬರೆಯುತ್ತೇನೆ. ಅವರಷ್ಟು ತಾಳ್ಮೆ ನನಗಿಲ್ಲ.

ಉತ್ತರಕ್ರಿಯೆಯೆಲ್ಲ ಮುಗಿದ ಮೇಲಿನ ಭಾನುವಾರ ಮಾವಶಿಯನ್ನು ನೋಡಲು ಹೋದೆ. ಅವರ ಪಕ್ಕ ಕೂತು ಫೋನು ತೆಗೆದು, ಮಾಸ್ತರರ ಹಳೆಯ ಉತ್ತರವೊಂದನ್ನು ಕನ್ನಡ ಮಾಡಿ ಓದಿದೆ. ದೊಡ್ಡ ಕಡತವನ್ನು ತಿದ್ದಲು ಹೊರಟವರೊಬ್ಬರಿಗೆ ಬರೆದದ್ದು: “ಎಲ್ಲ ಅನ್ನಕ್ಕೂ ಒಮ್ಮೆಲೇ ಸಾರು ಸುರಿಯಬೇಡಿ. ಒಂದು ಬದಿಗೆ ಸ್ವಲ್ಪ ಕಲಸಿ, ರುಚಿ ನೋಡಿ.”

ಮಾವಶಿ ಸೆರಗು ಬಾಯಿಗೊತ್ತಿಕೊಂಡು ನಕ್ಕರು. “ಹೌದು, ಹಿಂಗೇ ಮಾತಾಡೂದು ಅವ್ರು. ಎಂತ ಹೇಳಿದ್ರೂ ಕಡೆಗೆ ಊಟಕ್ಕೇ ತರೂದು. ಇನ್ನೊಂದು ಓದು.”

ಓದಿದೆ. ಇನ್ನೊಂದು ಓದಿದೆ. ಅವರಿಗೆ ಕಂಪ್ಯೂಟರಿನ ವಿಷಯ ಒಂದೂ ತಿಳಿಯುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಣ್ಣು ಮುಚ್ಚಿ, ಗೋಡೆಗೆ ಒರಗಿ ಕೇಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು:

“ಇನ್ನೂ ಎಷ್ಟಿದೆ?”

“ತುಂಬಾ ಇದೆ ಮಾವಶಿ. ವರ್ಷಗಟ್ಟಲೆ ಓದಬಹುದು.”

“ಹಾಗಾದ್ರೆ ಇವತ್ತಿಗೆ ಸಾಕು ಮಾಡು” ಅಂದರು, ನನ್ನ ಕೈಯನ್ನು ಫೋನಿನ ಸಮೇತ ಹಿಡಿದುಕೊಂಡು. “ಬೇಗ ಬೇಗ ಓದಿ ಮುಗಿಸಬೇಡ ಮಗಾ.”