ಬಂಡಿದಾರಿಯಲ್ಲಿ ನಂಬರಿಲ್ಲದ ಗಾಡಿ

ಕಾನೂನು ಗೊತ್ತಿಲ್ಲದೆ ಸೋತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಒಬ್ಬರ ಮುಂದೆ ಪೂರ್ತಿ ಬಿಡಿಸಿ ಹೇಳಿದೆ. ಅಲ್ಲಿಂದ ಶುರುವಾಯಿತು.

ನಮ್ಮ ಊರು ಹೇಮಗುಡ್ಡದಿಂದ ಬಹಳ ದೂರವಿಲ್ಲ. ಊರಿನಿಂದ ಹೊಲಗಳಿಗೆ ಹೋಗುವುದಕ್ಕೆ ಒಂದು ಬಂಡಿದಾರಿ ಇದೆ. ಎರಡು ಬಂಡಿ ಎದುರಾದರೆ ಒಂದು ಬದುವಿನ ಮೇಲೆ ಏರಿ ನಿಲ್ಲಬೇಕು, ಅಷ್ಟೇ ಅಗಲ. ದಾರಿಯ ಎರಡೂ ಬದಿಗೆ ಮೂರು ಮನೆತನದವರ ಜಮೀನು, ಅದರಲ್ಲಿ ಒಂದು ನಮ್ಮದು. ದಾರಿ ಯಾರದು ಎಂದು ಯಾರೂ ಕೇಳಿರಲಿಲ್ಲ. ಊರಿನವರೆಲ್ಲ ಓಡಾಡುತ್ತಿದ್ದರು, ಕುರಿಯವರು ಓಡಾಡುತ್ತಿದ್ದರು, ಅಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಗುಡ್ಡದ ಬುಡದಲ್ಲಿ ಒಂದು ರೆಸಾರ್ಟ್ ಎದ್ದಿತು, ಅದರ ಹಿಂದೆಯೇ ದಪ್ಪ ಗಾಲಿಯ ಎಟಿವಿ ಗಾಡಿಗಳು ಬಂದವು. ಬೈಕಿನ ಹ್ಯಾಂಡಲ್, ಟ್ರ್ಯಾಕ್ಟರಿನಂಥ ನಾಲ್ಕು ಗಾಲಿ, ಹಿಂದೆ ಮುಂದೆ ಎಲ್ಲೂ ನಂಬರ್ ಪ್ಲೇಟ್ ಇಲ್ಲ. ಶನಿವಾರ ಭಾನುವಾರ ಬಂದರೆ ಹೆಲ್ಮೆಟ್ ಹಾಕಿಕೊಂಡ ಪ್ರವಾಸಿಗರು ಸಾಲಾಗಿ ನಮ್ಮ ಬಂಡಿದಾರಿಯಲ್ಲಿ ಧೂಳೆಬ್ಬಿಸಿಕೊಂಡು ಗುಡ್ಡದ ಕಡೆ ಹೋಗುತ್ತಿದ್ದರು.

ಒಂದು ಭಾನುವಾರ ನನ್ನ ಚಿಗವ್ವ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದಳು. ತಿರುವಿನಲ್ಲಿ ಮೂರು ಗಾಡಿ ಒಮ್ಮೆಲೇ ಬಂದವು. ಅವಳು ಪಕ್ಕಕ್ಕೆ ಸರಿಯಲು ಹೋಗಿ ಬದುವಿನಿಂದ ಕೆಳಗೆ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು.

"ಗಾಡಿ ಬಡದಿಲ್ಲ ಬೇ," ಎಂದಳು, ನಾನು ಕೊಪ್ಪಳದಿಂದ ಓಡಿ ಬಂದಾಗ. "ನಾನs ಹೆದರಿ ಬಿದ್ದೆ. ಅವರು ಇಳಿದು ಸಾರಿ ಅಂತ ಅಂದ್ರು. ಒಬ್ಬಾಕಿ ನೀರಿನ ಬಾಟ್ಲಿ ಕೊಟ್ಟಳು."

"ನೀರಿನ ಬಾಟ್ಲಿ ಕೊಟ್ರ ಕೈ ಕೂಡತೈತೇನ್ ಚಿಗವ್ವ?"

"ಕೈ ಕೂಡತೈತಿ. ದಾರಿದ್ದು ಹೇಳು. ಕಾಲುವಿ ಸುತ್ತಿ ಹೋಗಾಕ ನನ್ನ ಕೈಲಿ ಆಗಂಗಿಲ್ಲ. ಈ ದಾರಿ ಬಿಟ್ರ ಎಮ್ಮಿ ಮಾರಬೇಕಾಗತೈತಿ."

ಅವಳ ಗಂಡ, ಅಂದರೆ ನನ್ನ ಸಣ್ಣ ಕಾಕಾ, ತೀರಿಕೊಂಡು ಎಂಟು ವರ್ಷ. ಅವಳ ಹೆಸರಿನಲ್ಲಿ ಒಂದು ತುಂಡು ಹೊಲ, ಕೊಟ್ಟಿಗೆಯಲ್ಲಿ ಒಂದು ಎಮ್ಮೆ. ಹೊಲ ಮತ್ತು ಕೊಟ್ಟಿಗೆಯ ನಡುವೆ ಈ ದಾರಿ. ಅವಳ ಸಂಸಾರವೆಂದರೆ ಇಷ್ಟೇ, ಆದ್ದರಿಂದ ಪ್ರಶ್ನೆಯೂ ಇಷ್ಟೇ: ಹೆದರಿಕೆಯಿಲ್ಲದೆ ಅವಳು ಆ ದಾರಿಯಲ್ಲಿ ನಡೆಯಬಹುದೋ ಇಲ್ಲವೋ.

ನಾನು ಆಗ ಕೊಪ್ಪಳದ ಒಬ್ಬ ವಕೀಲರ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಎಟಿವಿಗೆಂದೇ ಒಂದು ಕಾನೂನು ಇರಬಹುದು ಎಂದು ಹುಡುಕಿದೆ. ನನಗಂತೂ ಸಿಗಲಿಲ್ಲ. ಬೇರೆ ಬೇರೆ ಕಡೆಯಿಂದ ಹೊಲಿದುಕೊಳ್ಳಬೇಕು. ಹೊಲಿದ ಮೇಲೆ ಸಿಕ್ಕಿದ್ದು ಇದು: ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಸಾರ್ವಜನಿಕ ಸ್ಥಳ ಎಂದರೆ ಡಾಂಬರು ರಸ್ತೆ ಮಾತ್ರವಲ್ಲ, ಜನಕ್ಕೆ ಓಡಾಡುವ ಹಕ್ಕಿರುವ ಯಾವ ದಾರಿಯಾದರೂ ಸರಿ, ಕಾಲುದಾರಿಯೂ ಸೇರಿ. ಸ್ವಂತ ಬೇಲಿಯೊಳಗೆ ಆಡಿಸಿಕೊಂಡರೆ ಮಾತು ಬೇರೆ. ಅಂದರೆ ಇಡೀ ವಾದ ನಿಂತಿದ್ದು ಒಂದೇ ಮೊಳೆಯ ಮೇಲೆ. ನಮ್ಮ ಬಂಡಿದಾರಿ ಎಲ್ಲರದೋ, ಮೂರು ಮನೆಯವರ ಸ್ವಂತದ್ದೋ?

ಗಂಗಾವತಿಗೆ ಹೋಗಿ ಗ್ರಾಮದ ನಕಾಶೆಯ ನಕಲು ತೆಗೆಸಿದೆ. ಅದರಲ್ಲಿ ನಮ್ಮ ದಾರಿ ಎರಡು ಚುಕ್ಕೆಗೆರೆಯಾಗಿ ಊರಿನಿಂದ ಗುಡ್ಡದವರೆಗೂ ಸ್ಪಷ್ಟವಾಗಿ ಇತ್ತು. ಆ ಚುಕ್ಕೆಗಳನ್ನು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ಬಸ್ಸಿನಲ್ಲಿ ಪಕ್ಕದವಳಿಗೂ ತೋರಿಸಿದೆ. ಅವಳು, "ನಿಮ್ಮ ಹೊಲಾ ಏನ್ರಿ ಇದು?" ಎಂದಳು. "ಅಲ್ರಿ, ದಾರಿ," ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಅಲ್ಲಿಂದ ನೇರ ಹೋದದ್ದು ನಮ್ಮ ದೊಡ್ಡ ಕಾಕಾರ ಮನೆಗೆ.

ಕಾಕಾ ನಿವೃತ್ತ ಹೈಸ್ಕೂಲ್ ಮಾಸ್ತರು. ನನಗೆ ಮಾತು ಕಲಿಸಿದವರು ಅವರೇ. ಯಲಬುರ್ಗಾ, ಕುಷ್ಟಗಿ, ಕೊಪ್ಪಳ, ಎಲ್ಲಿ ಚರ್ಚಾಸ್ಪರ್ಧೆ ಇದ್ದರೂ ಕೈಹಿಡಿದು ಕರೆದುಕೊಂಡು ಹೋದವರು. ಅವರದೊಂದು ಪದ್ಧತಿ ಇತ್ತು, ಅದಕ್ಕೆ 'ಉಲ್ಟಾ ಪಾಳಿ' ಎಂದು ಹೆಸರಿಟ್ಟಿದ್ದರು. ಸ್ಪರ್ಧೆಯ ಹಿಂದಿನ ದಿನ ನಾನು ನನ್ನ ಪಕ್ಷವನ್ನು ಮಾತಾಡುವಂತಿಲ್ಲ. ಎದುರಿನವರ ಪಕ್ಷವನ್ನು ಅವರಿಗಿಂತ ಚೆನ್ನಾಗಿ ಮಾತಾಡಿ ತೋರಿಸಬೇಕು. ಕಾಕಾ ನನ್ನ ಪಕ್ಷ ಹಿಡಿದು ಕೂರುತ್ತಿದ್ದರು. ಅವರನ್ನು ಸೋಲಿಸಿದ ಮೇಲೆಯೇ ಊಟ. ಒಮ್ಮೆ ಕುಷ್ಟಗಿಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೀಗೆ ಕಾದಾಡಿದೆವು. ಕಂಡಕ್ಟರ್ ಬಂದು, "ಮಾಸ್ತರ, ಕೂಸಿನ ಜೋಡಿ ಅದೇನ್ ಜಗಳಾರಿ? ಒಂದು ಸ್ಟಾಪ್ ಮೊದಲs ಇಳಿಸ್ಲೇನು?" ಎಂದ. ಬಸ್ಸೆಲ್ಲ ನಕ್ಕಿತು. ಕಾಕಾ ನಕ್ಕವರಲ್ಲಿ ಮೊದಲಿಗರು.

ಆ ಸಂಜೆ ಅವರ ಮನೆಯ ಕಟ್ಟೆಯ ಮೇಲೆ ನಕಾಶೆ ಹಾಸಿದೆ. ಚಿಗವ್ವನ ಪರವಾಗಿ ತಹಶೀಲ್ದಾರರಿಗೆ ಬರೆದ ಅರ್ಜಿ ಓದಿ ಹೇಳಿದೆ. ಕಾಕಾ ಕನ್ನಡಕ ಏರಿಸಿಕೊಂಡು ಕೇಳಿದರು. ಆಮೇಲೆ, "ಅರ್ಜಿ ಛಲೋ ಐತಿ. ಉಲ್ಟಾ ಪಾಳಿ ಮಾಡಿದೇನು?" ಎಂದರು.

ಮಾಡಿದೆ. ಅಲ್ಲೇ ಕಟ್ಟೆಯ ಮೇಲೆ ರೆಸಾರ್ಟಿನವರ ವಕೀಲಳಾಗಿ ನಿಂತೆ. ನಕಾಶೆ ಹಳೆಯದು, ಪಹಣಿಯಲ್ಲಿ ಈ ದಾರಿಗೆ ಬೇರೆ ನಂಬರಿಲ್ಲ, ಎರಡೂ ಬದಿಯ ಜಮೀನಿನವರು ತಮ್ಮ ತಮ್ಮ ಹೊಲದಲ್ಲಿ ಬಿಟ್ಟುಕೊಂಡ ಜಾಗ ಇದು ಎಂದೆ. ಮೂರೂ ಮನೆಯವರು 'ಇದು ನಮ್ಮ ಸ್ವಂತ ದಾರಿ, ಹೊರಗಿನವರಿಗೆ ಹಕ್ಕಿಲ್ಲ, ಗಾಡಿಗಳಿಗೆ ನಾವೇ ಒಪ್ಪಿಗೆ ಕೊಟ್ಟಿದ್ದೇವೆ' ಎಂದು ಬರೆದುಕೊಟ್ಟರೆ, ಸ್ಥಳ ಪಂಚನಾಮೆಯಲ್ಲಿ ಊರಿನ ಹಿರಿಯರು ಅದಕ್ಕೆ ಹೌದೆಂದರೆ, ಸಾರ್ವಜನಿಕ ಸ್ಥಳ ಎಂಬ ಮಾತೇ ಉದುರಿಹೋಗುತ್ತದೆ, ಆಮೇಲೆ ನಂಬರ್ ಪ್ಲೇಟ್ ಕೇಳುವವರು ಯಾರು ಎಂದೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನನಗೇ ಒಂದು ಕ್ಷಣ ರೆಸಾರ್ಟಿನವರದೇ ಸರಿ ಅನ್ನಿಸಿತು.

"ಇದಕ್ಕ ನಿನ್ನ ಉತ್ತರ ಏನು?" ಕಾಕಾ ಕೇಳಿದರು.

"ಮೂರೂ ಮನಿಯವರು ಹಂಗ ಬರದುಕೊಡಂಗಿಲ್ರಿ ಕಾಕಾ. ಯಾಕಂದ್ರ ಅದರಾಗ ಒಂದು ಮನಿ ನಮ್ಮದs ಐತಿ."

"ಹೌದಲ್ಲ," ಎಂದರು. ಕಿಸೆಯಿಂದ ಪೆನ್ನು ತೆಗೆದು ನನ್ನ ಉಲ್ಟಾ ಪಾಳಿಯ ಅಂಶಗಳನ್ನು ಅರ್ಜಿಯ ನಕಲಿನ ಹಿಂದೆ ಬರೆದುಕೊಂಡರು. ಯಾವಾಗಲೂ ಬರೆದುಕೊಳ್ಳುತ್ತಿದ್ದರು, ನನಗೆ ಹೊಸದೇನೂ ಅನ್ನಿಸಲಿಲ್ಲ.

ಅರ್ಜಿ ಕೊಟ್ಟು ಎರಡು ವಾರಕ್ಕೆ, ಊರಿನ ಜಮೀನಿನ ಲೆಕ್ಕ ನೋಡುವ ತಲಾಠಿ ಸ್ಥಳ ನೋಡಲು ಬಂದರು. ನಾನು ರಜೆ ಹಾಕಿ, ನಕಾಶೆ ಹಿಡಿದು, ಬೆಳಿಗ್ಗೆಯೇ ದಾರಿಯ ಬಾಯಿಗೆ ಹೋಗಿ ನಿಂತಿದ್ದೆ. ಅವರು ಬೈಕ್ ನಿಲ್ಲಿಸಿ ನನ್ನ ನಕಾಶೆಯ ಕಡೆ ಸುಮ್ಮನೆ ಒಂದು ಸಲ ನೋಡಿದರು.

"ಮೇಡಮ್, ಇದೆಲ್ಲಾ ಯಾಕ? ನಿಮ್ಮ ಮನಿಯವರು ಒಪ್ಪಿಗಿ ಬರದುಕೊಟ್ಟಾರಲ್ರಿ."

"ಯಾವ ಮನಿಯವರು?"

"ಎಷ್ಟು ಮನಿ ಅದಾವ್ರಿ ನಿಮಗ?" ಎಂದು ನಗುತ್ತ ಫೈಲ್ ಬಿಚ್ಚಿದರು.

ಓದಿದೆ. ಮೊದಲ ಸಾಲು: ನಕಾಶೆ ಹಳೆಯದಿರುತ್ತದೆ. ಎರಡನೆಯದು: ಪಹಣಿಯಲ್ಲಿ ಪ್ರತ್ಯೇಕ ನಂಬರ್ ಇರುವುದಿಲ್ಲ. ಮೂರನೆಯದು, ನಾಲ್ಕನೆಯದು, ಎಲ್ಲವೂ ನನ್ನವೇ, ನಾನು ಕಟ್ಟೆಯ ಮೇಲೆ ಹೇಳಿದ ಕ್ರಮದಲ್ಲಿಯೇ. ಕೆಳಗೆ ಮೊದಲ ಸಹಿ ಕಾಕಾರದು, ಶಾಲೆಯ ರಿಜಿಸ್ಟರಿನಲ್ಲಿ ಹಾಕುತ್ತಿದ್ದ ಅದೇ ಅಂದದ ಸಹಿ. ಅದರ ಕೆಳಗೆ ಉಳಿದೆರಡು ಮನೆಯವರದು. ಊರಿನ ಪದ್ಧತಿ ಅದು: ಮಾಸ್ತರು ಸಹಿ ಮಾಡಿದ ಮೇಲೆ ಉಳಿದವರು ಓದುವುದಿಲ್ಲ, ಓದಿದರೆ ಮಾಸ್ತರನ್ನು ನಂಬದ ಹಾಗೆ. ಕೊನೆಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಚಿಗವ್ವನ ಹೆಸರು.

ಚಿಗವ್ವನಿಗೆ ಓದಲು ಬಾರದು, ಸಹಿ ಮಾಡಲು ಬರುತ್ತದೆ. ಬಲಗೈಗೆ ಪ್ಲಾಸ್ಟರ್ ಇತ್ತು, ಅದಕ್ಕೆ ಎಡಗೈ ಹೆಬ್ಬೆಟ್ಟು. ಗಾಡಿಯಿಂದ ಮುರಿದ ಕೈ ಗಾಡಿಗೆ ಒಪ್ಪಿಗೆ ಕೊಡಲು ಬರಲಿಲ್ಲವೆಂದು ಇನ್ನೊಂದು ಕೈ ಕೊಟ್ಟಿತ್ತು.

"ನೀವು ಯಾರ ಪರ್ರಿ ಮೇಡಮ್?" ತಲಾಠಿ ಕೇಳಿದರು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. ನಾನು ನಕಾಶೆ ಮಡಿಸಿ, ಆ ಒಪ್ಪಿಗೆಯ ನಕಲು ಕೇಳಿ ತೆಗೆದುಕೊಂಡೆ.

ಚಿಗವ್ವನ ಮನೆಗೆ ಹೋದೆ. ಎಮ್ಮೆಗೆ ಒಂದೇ ಕೈಯಲ್ಲಿ ನೀರು ಇಡುತ್ತಿದ್ದಳು.

"ಏನಂತ ಒತ್ತಿದಿ ಚಿಗವ್ವ?"

"ನೀನs ಕಳಿಸಿದ ಕಾಗದ ಅಲ್ಲೇನ್ ಅದು?"

ನಮ್ಮ ಮನೆತನದಲ್ಲಿ ಹೆಂಗಸರು ಗಂಡನ ಅಣ್ಣನ ಎದುರು ನಿಂತು ಮಾತಾಡುವುದಿಲ್ಲ. ಭಾವ ಬಂದರೆ ಸೆರಗು ಹೊದ್ದು ಬಾಗಿಲ ಹಿಂದೆ ಸರಿಯುತ್ತಾರೆ, ಹೇಳುವುದಿದ್ದರೆ ಬೇರೆಯವರ ಬಾಯಲ್ಲಿ ಹೇಳಿಸುತ್ತಾರೆ. ಕಾಕಾ ಬಂದ ದಿನ ಚಿಗವ್ವನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಾಕಾ ಕಾಗದವನ್ನೂ ಸ್ಟ್ಯಾಂಪ್ ಪ್ಯಾಡನ್ನೂ ಹೊಸ್ತಿಲ ಮೇಲಿಟ್ಟು, ಬಾಗಿಲಿಗೆ ಹೇಳುವ ಹಾಗೆ, "ದಾರಿ ಕಾಗದ ಐತಿ, ಹೆಬ್ಬೆಟ್ಟು ಬೇಕು," ಎಂದರಂತೆ. ಸುಳ್ಳು ಹೇಳಲಿಲ್ಲ, ನೋಡಿ. ಅದು ದಾರಿಯ ಕಾಗದವೇ. ಏನು ಬರೆದಿದೆ ಎಂದು ಅವಳು ಕೇಳಲಾರಳು ಎಂಬುದು ಅವರಿಗೆ ಗೊತ್ತಿತ್ತು, ನನ್ನ ಅರ್ಜಿ ಎಂದು ತಿಳಿಯುತ್ತಾಳೆ ಎಂಬುದೂ ಗೊತ್ತಿತ್ತು.

ಕಾಕಾರ ಮನೆಗೆ ಹೋದಾಗ ಅವರು ಪೇಪರ್ ಓದುತ್ತಿದ್ದರು. ಮಡಿಸಿ ಪಕ್ಕಕ್ಕಿಟ್ಟರು.

"ಕೂಡ್ರು. ಚಾ ಕುಡಿ."

"ಯಾಕ್ರಿ ಕಾಕಾ?"

"ನಿಮ್ಮ ಅಣ್ಣ ಗಿಣಿಗೇರಾ ಬಿಟ್ಟಾನ," ಎಂದರು. ಅವರ ಮಗ ಅಲ್ಲಿಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿದ್ದ. "ಎರಡು ವರ್ಷ ಭಟ್ಟಿ ಮುಂದ ನಿಂತಾನ. ಕೆಮ್ಮಿದ್ರ ಕರ್ರಗ ಬರತಿತ್ತು. ರೆಸಾರ್ಟನವರು ಈ ಗಾಡಿ ನೋಡಿಕೊಳ್ಳೋ ಕೆಲಸ ಕೊಡತೀವಿ ಅಂದ್ರು. ದಾರಿ ಇಲ್ಲಂದ್ರ ಗಾಡಿ ಇಲ್ಲ, ಗಾಡಿ ಇಲ್ಲಂದ್ರ ಕೆಲಸ ಇಲ್ಲ."

"ಇದನ್ನ ಆವತ್ತ ಕಟ್ಟಿ ಮ್ಯಾಲ ಹೇಳಬಹುದಿತ್ತು."

"ಹೇಳಿದ್ರ ನೀ ಅರ್ಜಿ ಹರೀತಿದ್ದೇನು?"

"ಇಲ್ರಿ. ಬಡದಾಡತಿದ್ದೆ. ಆದ್ರ ನಿಮ್ಮ ಜೋಡಿ ಬಡದಾಡಾಕತ್ತೀನಿ ಅಂತ ನನಗ ಗೊತ್ತಿರತಿತ್ತು."

ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. "ನೀ ಅದನ್ನೆಲ್ಲಾ ನನ್ನ ಮುಂದ ಹೇಳಬಾರದಿತ್ತು," ಎಂದರು.

ಹದಿಮೂರು ವರ್ಷ ಹೇಳು ಹೇಳು ಎಂದವರು. ತಪ್ಪು ಕೊನೆಗೂ ನನ್ನದೇ ಆಯಿತು. ಎದುರಾಳಿಯ ಮಾತನ್ನು ನಾನು ಆಡಿ ತೋರಿಸಿದ್ದು ಅವರು ನನ್ನ ಕಡೆಯವರು ಎಂದು. ಅಷ್ಟು ವರ್ಷ ಅವರ ಎದುರು ಕೂತು ಸೋತಾಗಲೂ ಗೆದ್ದಾಗಲೂ ಒಂದು ಸಲವೂ ನಾನು ಅವರನ್ನು ಎದುರಾಳಿ ಎಂದು ಎಣಿಸಿರಲಿಲ್ಲ. ಅಣ್ಣನ ಕೆಮ್ಮು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಣ್ಣನ ಎದೆಗೂ ಚಿಗವ್ವನ ಕೈಗೂ ನಡುವೆ ಒಂದನ್ನೇ ಆರಿಸಬೇಕಿತ್ತೆಂದು ಯಾರು ಹೇಳಿದರು? ರೆಸಾರ್ಟಿಗೆ ತನ್ನದೇ ಬೇಲಿಯೊಳಗೆ ಬೇಕಾದಷ್ಟು ಬಯಲಿತ್ತು. ಗಾಡಿ ಅಲ್ಲಿ ಓಡಿಸಿ ಎಂದು ರೆಸಾರ್ಟಿನವರಿಗೆ ಒಂದು ಮಾತು ಹೇಳುವುದು ಕಾಕಾರಿಗೆ ಕಷ್ಟವಾಗಿತ್ತು. ಬಾಗಿಲ ಹಿಂದಿದ್ದವಳ ಹೆಬ್ಬೆಟ್ಟು ಸುಲಭವಾಗಿತ್ತು. ಚಾ ಕುಡಿಯದೆ ಎದ್ದು ಬಂದೆ.

ಕೊಪ್ಪಳಕ್ಕೆ ಹೋಗಿ ಒಂದು ವಾರ ಆ ಒಪ್ಪಿಗೆಯ ನಕಲನ್ನೇ ಓದಿದೆ. ಸ್ವಂತ ದಾರಿ ಎಂದು ಬರೆದಿದ್ದಾರಲ್ಲ, ಹಾಗಾದರೆ ಪ್ರತಿಯೊಬ್ಬರಿಗೂ ಅವರವರ ಪಾಲಿನ ದಾರಿ ಸ್ವಂತ. ಊರಿನಿಂದ ಗುಡ್ಡಕ್ಕೆ ಹೋಗುವಾಗ ಚಿಗವ್ವನ ಹೊಲದ ಅಂಚು ಅರ್ಧದಾರಿಯಲ್ಲಿ ಬರುತ್ತದೆ. ಅವಳು ತನ್ನ ಪಾಲಿಗೆ ಮುಳ್ಳಿನ ಬೇಲಿ ಹಚ್ಚಿಬಿಟ್ಟರೆ ಗಾಡಿ ಎಲ್ಲಿಂದ ಹೋಗಬೇಕು? ಅವರದೇ ಕಾಗದ, ಅವರದೇ ಮಾತು. ಪ್ಲಾಸ್ಟರ್ ಬಿಚ್ಚಿಸಿದ ದಿನ ಓಡಿ ಹೋಗಿ ಚಿಗವ್ವನಿಗೆ ಹೇಳಿದೆ.

ಅವಳು ಪೂರ್ತಿ ಕೇಳಿದಳು. "ಮುಳ್ಳು ಹಚ್ಚಿದ್ರ ಮುಂದಿನ ಹೊಲದವರು ಹೆಂಗ ಹೋಗಬೇಕು?"

"ಅವರು ಹೋಗಿ ಮಾಸ್ತರನ್ನ ಕೇಳಲಿ. ಸಹಿ ಮಾಡಿದವರು ಅವರು."

"ಕುರಿ ಕಾಯಾಂವ ಯಾರ ಕಡೆ ಸಹಿ ಮಾಡಿಸಿದ್ದ? ದಾರಿ ಮುಚ್ಚೋದು ನನಗ ಬ್ಯಾಡವ್ವ. ಎಲ್ಲಾರ ದಾರಿ ಅದು."

ನಕಾಶೆ, ಪಹಣಿ, ಕಾನೂನಿನ ಪುಸ್ತಕ ಎಲ್ಲ ಜೋಡಿಸಿ ನಾನು ಸಾಬೀತು ಮಾಡಲು ಹೊರಟಿದ್ದನ್ನು ಅವಳು ಎಮ್ಮೆಗೆ ಹುಲ್ಲು ಹಾಕುತ್ತ ಹೇಳಿದ್ದಳು. ಅದನ್ನೇ ಅವಳ ಮಾತಾಗಿ ತಹಶೀಲ್ದಾರರಿಗೆ ಬರೆದೆ: ಆ ಹೆಬ್ಬೆಟ್ಟು ಏನೆಂದು ತಿಳಿಯದೆ ಒತ್ತಿದ್ದು, ನನ್ನ ಒಪ್ಪಿಗೆ ಇಲ್ಲ, ಈ ದಾರಿ ನಮ್ಮ ಮನೆಯದಲ್ಲ, ಊರಿನ ಎಲ್ಲರೂ ಮೊದಲಿನಿಂದ ಓಡಾಡುವ ದಾರಿ. ಒಂದು ಹಾಳೆಯೂ ತುಂಬಲಿಲ್ಲ.

ಓದಿ ಹೇಳಿದೆ. "ಇನ್ನೊಮ್ಮಿ ಓದು," ಎಂದಳು. ಓದಿದೆ. "ಇನ್ನೊಮ್ಮಿ." ಮೂರನೆಯ ಸಲ ಓದುವಾಗ ಅವಳು ಕಾಗದವನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಆಮೇಲೆ ಹಾಳೆಯನ್ನು ಕೈಯಿಂದ ತೆಗೆದುಕೊಂಡು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು.

"ಅಂಗನವಾಡಿ ಟೀಚರ್ ಕಡೆ ಹೋಗಿ ಬರತೀನಿ."

"ಯಾಕ?"

"ಅಕಿನೂ ಒಮ್ಮಿ ಓದಲಿ. ತಪ್ಪು ತಿಳಕೋಬ್ಯಾಡ ಯವ್ವಾ."

ನಾನು ಎಮ್ಮೆಯ ಪಕ್ಕದ ಕಲ್ಲಿನ ಮೇಲೆ ಕೂತೆ. ಅರ್ಧ ಗಂಟೆ ಬಿಟ್ಟು ಬಂದಳು. ಪೆನ್ನು ಕೇಳಿ ಪಡೆದು, ಇನ್ನೂ ನೆಟ್ಟಗೆ ಮಣಿಯದ ಬಲಗೈಯಿಂದ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು.

ಗಂಗಾವತಿಯಲ್ಲಿ ಕೊಟ್ಟೆ. ತಹಶೀಲ್ದಾರರು ಮರುಪಂಚನಾಮೆಗೆ ಆದೇಶ ಮಾಡಿದರು, ಅಲ್ಲಿಯವರೆಗೆ ಗಾಡಿಗಳು ರೆಸಾರ್ಟಿನ ಬೇಲಿ ದಾಟುವಂತಿಲ್ಲ ಎಂದು ಬರೆದರು. ಅಣ್ಣ ಈಗ ಆ ಬೇಲಿಯೊಳಗೇ ಪ್ರವಾಸಿಗರನ್ನು ಸುತ್ತಿಸುತ್ತಾನೆ. ಕೆಲಸ ಹೋಗಿಲ್ಲ. ಕಾಕಾ ಇದನ್ನು ನನ್ನ ಹತ್ತಿರ ಹೇಳಿಲ್ಲ, ನಾನೂ ಕೇಳಲು ಹೋಗಿಲ್ಲ.

ಆದೇಶದ ನಕಲು ತಂದುಕೊಟ್ಟಾಗ ಚಿಗವ್ವ ಹೊಲಕ್ಕೆ ಹೊರಟಿದ್ದಳು. ಗಾಡಿ ಬರುವುದಿಲ್ಲ ಎಂದು ಹೇಳಿದೆ. ತಲೆಯಾಡಿಸಿದಳು. ಮುಖ ಅರಳಿತು ಕೂಡ. ಕಾಗದವನ್ನು ಮಡಿಸುತ್ತ, "ಛಲೋ ಆತವ್ವ. ಸಂಜೀಕ ಟೀಚರ್ ಬರತಾಳ, ಓದಸ್ತೀನಿ," ಎಂದಳು.

ನಾನು ಆಯಿತು ಎಂದೆ.