ಎತ್ತಿ ನೋಡಿದವರ ಲೆಕ್ಕ

2012ರ ಜುಲೈ 9, ಸೋಮವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ರಾತ್ರಿ ಕವುಚಿದ್ದ ಮಕ್ಕರಿ ಬುಟ್ಟಿ ಎತ್ತಿದ ಕೂಡಲೇ ಹಾರಿ ಹೊರಬರಬೇಕಾದ ಕೋಳಿ ಕೂತೇ ಇತ್ತು. ತಳ್ಳಿದೆ, ಎದ್ದಿತು. ಎಡಗಾಲು ನೆಲಕ್ಕೆ ಊರಲಿಲ್ಲ. ಮೂರು ಸಲ ಕುಪ್ಪಳಿಸಿ ಸಂಪಿನ ಮುಚ್ಚಳದ ಪಕ್ಕ ಮತ್ತೆ ಕೂತಿತು. ಅಷ್ಟನ್ನೂ ಡೈರಿಯಲ್ಲಿ ಬರೆದುಕೊಂಡು ನಾನು ಫ್ಯಾಕ್ಟರಿ ಬಸ್ಸಿಗೆ ಓಡಿದೆ.

ಅತ್ತಿಬೆಲೆಗೆ ಹತ್ತಿರದ ನಮ್ಮ ಊರಿನಲ್ಲಿ ಈಗ ಹಿತ್ತಲು ಎಂದರೆ ಬಾಡಿಗೆ ಮನೆಗಳ ನಡುವೆ ಉಳಿದ, ಬಟ್ಟೆ ಒಣಗಿಸುವ ಜಾಗ. ಅಲ್ಲಿ ಎಂಟು ಮರಿ ಹುಟ್ಟಿದ್ದವು. ಐದನ್ನು ಹದ್ದು, ಒಂದನ್ನು ನಾಯಿ, ಒಂದನ್ನು ನೀರಿನ ಟ್ಯಾಂಕರ್ ಮುಗಿಸಿದವು. ಉಳಿದ ಒಂದನ್ನು ರಟ್ಟಿನ ಡಬ್ಬಿಯಲ್ಲಿ ಬಲ್ಬಿನ ಶಾಖಕ್ಕಿಟ್ಟು ಸಾಕಿದವಳು ನಾನು. ಆ ಸೋಮವಾರದ ಹೊತ್ತಿಗೆ ಅದು ನಲವತ್ತೊಂದು ಮೊಟ್ಟೆ ಇಟ್ಟಿತ್ತು.

ಸಂಜೆ ಬಂದಾಗ ಅಮ್ಮ ತೀರ್ಪು ಕೊಟ್ಟಾಗಿತ್ತು.

"ಎಂಗೂ ಕುಂಟ್ತೈತೆ. ಭಾನ್ವಾರ ಮುಗಿಸ್ಬಿಡಾನ. ಶ್ರಾವಣ ಉಟ್ಟಿದ್ರೆ ಒಂದ್ ತಿಂಗ್ಳು ಬಾಡೂಟ ಇಲ್ಲ."

ಶ್ರಾವಣಕ್ಕೆ ಮುಂಚಿನ ಕೊನೆಯ ಭಾನುವಾರ ಜುಲೈ 15. ಅಷ್ಟರೊಳಗೆ ಕಾಲು ನೆಟ್ಟಗಾಗಬೇಕು, ಇಲ್ಲವೇ ಸಾರು. ನನ್ನ ಕೈಯಲ್ಲಿದ್ದದ್ದು ಆರು ಸಂಜೆ.

ಮೊದಲ ಸಂಜೆ ದೊಡ್ಡಪ್ಪನದು. ಮುಂದಿನ ಮನೆಯ ಜಗಲಿಯಿಂದ ಏಳದೆಯೇ ಜಗತ್ತಿನ ಎಲ್ಲ ಕೋಳಿಗಳನ್ನೂ ಬಲ್ಲ ಮನುಷ್ಯ. ನಾನು ಕೋಳಿ ಎತ್ತಿಕೊಂಡು ಹೋಗಿ ಎದುರಿಗೆ ಬಿಟ್ಟೆ. ಆತ ಕಾಲನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ವಾಯು ಕಣಮ್ಮಿ. ಕಾಲಿಗೆ ವಾಯು ಒಡ್ದದೆ. ಉಣ್ಸೆಣ್ಣು, ಉಪ್ಪು, ಅರ್ಶ್ಣ ಕಾಯ್ಸಿ ಪಟ್ಟಾಕು. ಮೂರ್ ದಿನಕ್ಕೆ ಓಡ್ತದೆ."

"ಒಂದ್ಸಲ ಮುಟ್ಟಿ ನೋಡಿ ದೊಡ್ಡಪ್ಪ."

"ಮುಟ್ಟೋದೇನ್ ಬಂತು? ನೀನುಟ್ಟೋಕ್ ಮುಂಚೆ ನಮ್ಮಟ್ಟೀಲಿ ನೂರ್ ಕೋಳಿ ಇದ್ವು."

ಆ ನೂರು ಕೋಳಿಗಳ ಮಾತು ಈವರೆಗೆ ಎಷ್ಟು ಸಲ ಕೇಳಿದ್ದೇನೋ, ಅದೊಂದರ ಲೆಕ್ಕ ಮಾತ್ರ ನಾನು ಇಟ್ಟಿಲ್ಲ. ಅವು ಹೇಗೆ ಸತ್ತವೆಂದು ಆತ ಎಂದೂ ಹೇಳಿಲ್ಲ. ಆದರೂ ಪಟ್ಟು ಹಾಕಿದೆ. ಕಾಲಿನ ಗಂಟಿನಿಂದ ಬೆರಳುಗಳವರೆಗೆ ದಪ್ಪಗೆ ಮೆತ್ತಿದ್ದು ಬೆಳಿಗ್ಗೆಗೆ ಗಾರೆಯಂತೆ ಗಟ್ಟಿಯಾಗಿತ್ತು.

ಮಂಗಳವಾರ ಮೇಲಿನ ಮನೆಯ ಬಾಡಿಗೆಯವರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ. ಎರಡನೇ ಮಹಡಿಯ ಕಂಬಿಗೆ ಒರಗಿ, ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು, ಅಲ್ಲಿಂದಲೇ ರೋಗ ಕಂಡುಹಿಡಿದರು.

"ಮೇಡಂ, ಇದು ವೈರಸ್. ಒಂದ್ ಕಾಲು ಮುಂದೆ, ಒಂದ್ ಕಾಲು ಹಿಂದೆ ಇಟ್ಕೊಂಡ್ ಕೂತಿದೆಯಾ? ಫೋಟೋ ಸೇಮ್ ಇದೆ. ಐಸೊಲೇಟ್ ಮಾಡಿ, ಮನೇಲಿ ಯಾರೂ ಮುಟ್ಬೇಡಿ."

"ಎರಡೂ ಕಾಲು ಹೊಟ್ಟೆ ಕೆಳಗಿದೆ ಸಾರ್. ಇರೋದೂ ಒಂದೇ ಕೋಳಿ, ಯಾವುದರಿಂದ ಬೇರೆ ಮಾಡ್ಲಿ?"

"ಸೇಫರ್ ಸೈಡ್ ಮೇಡಂ," ಎಂದು ಒಳಗೆ ಹೋದರು. ಇಪ್ಪತ್ತೆರಡು ಮೆಟ್ಟಿಲು ಇಳಿದಿದ್ದರೆ ಕೋಳಿಯೇ ಸಿಗುತ್ತಿತ್ತು. ಅವರಿಗೆ ಫೋಟೋ ಸಾಕಾಯಿತು.

ಬುಧವಾರ ಬಸ್ಸಿಳಿದು ಕೋಳಿ ಆಹಾರದ ಅಂಗಡಿಗೆ ಹೋದೆ. ನಾನು "ಕುಂಟ್ತಾ" ಅನ್ನುವಷ್ಟರಲ್ಲಿ ಬಾಟಲಿ ಮೇಜಿನ ಮೇಲಿತ್ತು.

"ಕ್ಯಾಲ್ಸಿಯಂ ಶಾರ್ಟೇಜ್ ಅಕ್ಕ. ನೀರಲ್ಲಿ ಹಾಕಿ."

"ಒಂದೇ ಕಾಲಿಗೆ ಶಾರ್ಟೇಜ್ ಆಗುತ್ತಾ ಅಣ್ಣ?"

"ಈಗ ಒಂದೇ. ಬಿಟ್ರೆ ಎರಡಾಗುತ್ತೆ."

ಆತನ ಹಿಂದೆ ಕಪಾಟಿನ ತುಂಬ ಅದೇ ಬಾಟಲಿ. ಬೇರೆ ಔಷಧ ಇಟ್ಟಿದ್ದರೆ ಬೇರೆ ರೋಗ ಬರುತ್ತಿತ್ತೇನೋ.

ಗುರುವಾರ ಕೋಳಿ ಕಾಳು ಮುಟ್ಟಲಿಲ್ಲ. ಮೊಟ್ಟೆ ಇಡುವುದು ಸೋಮವಾರವೇ ನಿಂತಿತ್ತು. ಪಟ್ಟಿನ ಅಂಚಿನಿಂದ ಹೊರಬಂದ ಬೆರಳುಗಳು ಊದಿ ಹೊಳೆಯುತ್ತಿದ್ದವು. ಅಮ್ಮ ಒಲೆ ಪಕ್ಕ ಮಸಾಲೆಗೆ ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

ಆ ದಿನ ಡೈರಿಯಲ್ಲಿ ಎರಡು ಸಾಲು ಬರೆದೆ. ಸಲಹೆ ಕೊಟ್ಟವರು: ಮೂರು. ಕಾಲು ಎತ್ತಿ ನೋಡಿದವರು: ಸೊನ್ನೆ. ಬರೆದು ಬಹಳ ತೃಪ್ತಿಯಾಯಿತು. ದೀಪ ಆರಿಸುವ ಮುಂಚೆ ಇನ್ನೊಮ್ಮೆ ಓದಿದಾಗ ಆ ಸೊನ್ನೆಯೊಳಗೆ ನಾನೂ ಇದ್ದೆ. ನಾಲ್ಕು ದಿನದಲ್ಲಿ ಅದರ ಕಾಲಿಗೆ ಪಟ್ಟು ಮೆತ್ತಿದ್ದೆ, ಬಾಯಿಗೆ ನೀರು ಬಿಟ್ಟಿದ್ದೆ, ಎಷ್ಟು ಸಲ ಕುಪ್ಪಳಿಸಿತೆಂದು ಎಣಿಸಿದ್ದೆ. ಪಾದ ತಿರುಗಿಸಿ ನೋಡಿರಲಿಲ್ಲ.

ಶುಕ್ರವಾರ, ಜುಲೈ 13, ಸಂಜೆ ಆರೂಮುಕ್ಕಾಲು. ಟವೆಲಿನಲ್ಲಿ ಸುತ್ತಿ ಕೋಳಿಯನ್ನು ಅಮ್ಮನ ಮಡಿಲಿಗೆ ಕೊಟ್ಟೆ. "ಕುಯ್ಯೋ ಕೋಳಿಗೆ ಸ್ನಾನ ಬೇರೆ ಕೇಡು," ಎಂದಳು, ಆದರೆ ಹಿಡಿದುಕೊಂಡಳು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲು ಮುಳುಗಿಸಿದೆ. ಇಪ್ಪತ್ತು ನಿಮಿಷಕ್ಕೆ ದೊಡ್ಡಪ್ಪನ ಪಟ್ಟು ಕರಗಿ ಬಿಟ್ಟಿತು. ಬೆರಳುಗಳು ಶುರುವಾಗುವ ಕಡೆ ಚರ್ಮದಲ್ಲಿ ಒಂದು ಸಣ್ಣ ಕಾಲುವೆ. ಹೆಬ್ಬೆರಳಿನಿಂದ ಸವರಿದೆ. ಬಟ್ಟೆಯ ಹೊಲಿಗೆ ಸವರುವ ಹಾಗೆ ಸವರಿದ್ದು, ಅದು ನನಗೆ ಅಭ್ಯಾಸ. ಒಳಗೆ ದಾರವಿತ್ತು.

ಕಡು ಹಸಿರು ಪಾಲಿಯೆಸ್ಟರ್ ದಾರ. ಆ ಬಣ್ಣ ನನಗೆ ಗೊತ್ತು. ಜೂನ್ ಇಡೀ ನಮ್ಮ ಲೈನಿನಲ್ಲಿ ಅದೇ ಬಣ್ಣದ ಅಂಗಿ ನಡೆದಿತ್ತು. ನಾನು ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಯಲ್ಲಿ ಬಿಟ್ಟ ದಾರ ಹುಡುಕುವುದೇ ನನ್ನ ಕೆಲಸ. ಒಂದು ಎಳೆ ತಪ್ಪಿಸಿಕೊಂಡರೂ ಟೇಬಲ್ ಮುಂದೆ ನಿಲ್ಲಿಸಿ ಬೈಯುತ್ತಾರೆ. ಡೈರಿಯ ಜೂನ್ 23ರ ಪುಟದಲ್ಲಿ ನನ್ನದೇ ದುಂಡು ಅಕ್ಷರ: "ಫ್ಯಾಕ್ಟರಿಯ ಚಿಂದಿ ಒಂದು ಚೀಲ ತಂದೆ. ಮಕ್ಕರಿಯಡಿಗೆ ಮೆತ್ತಗೆ ಹಾಸಿದೆ. ಕೋಳಿಗೆ ಸುಖ."

ಅಮ್ಮ ಬಗ್ಗಿ ನೋಡಿದಳು. "ನಿಮ್ ಫ್ಯಾಕ್ಟ್ರಿ ದಾರಾನೇ ಅಲ್ವೇನೇ ಇದು? ಸಾವ್ರ ಅಂಗಿ ನೋಡೋಳ್ಗೆ ಒಂದ್ ಕಾಲು ಕಾಣ್ಲಿಲ್ವಾ?"

ದೊಡ್ಡಪ್ಪ ವಾಯು ಎಂದ, ಮೇಲಿನವರು ವೈರಸ್ ಎಂದರು, ಅಂಗಡಿಯವನು ಬಾಟಲಿ ಮಾರಿದ. ಅವರು ಯಾರೂ ಕೋಳಿಯ ಕಾಲಿಗೆ ದಾರ ಸುತ್ತಿರಲಿಲ್ಲ.

ಕತ್ತರಿ ಒಳಗೆ ಹೋಗದಷ್ಟು ಊತ. ಸೂಜಿಯ ಹಿಂಬದಿಯಿಂದ ಎಳೆಯನ್ನು ಮೀಟಿ ಎತ್ತಿ, ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಒಂದೊಂದೇ ತುಂಡರಿಸಿದೆ. ಹನ್ನೊಂದು ತುಂಡು. ಕೋಳಿ ಕೂಗಲಿಲ್ಲ, ಅಮ್ಮನ ಬೆರಳನ್ನು ಎರಡು ಸಲ ಕುಕ್ಕಿತು. ಗಾಯ ತೊಳೆದು ಅರಿಶಿನ ಹಚ್ಚಿದೆವು. ಚಿಂದಿಯನ್ನೆಲ್ಲ ತೆಗೆದು ಮಕ್ಕರಿಯಡಿಗೆ ಒಣಹುಲ್ಲು ಹಾಕಿದೆ.

ಶನಿವಾರ ಸಂಜೆ ಪಾದ ನೆಲಕ್ಕೆ ತಾಗಿತು. ಭಾನುವಾರ ಬೆಳಿಗ್ಗೆ ಕುಂಟುತ್ತಲೇ ನಾಲ್ಕು ಹೆಜ್ಜೆ ಇಟ್ಟಿತು. ನೆಟ್ಟಗಂತೂ ಆಗಿರಲಿಲ್ಲ. ದೊಡ್ಡಪ್ಪ ಕತ್ತಿ ಮಸೆದು ಜಗಲಿಯಲ್ಲಿ ಕೂತಿದ್ದ. ಅಮ್ಮ ಕುಕ್ಕಿಸಿಕೊಂಡ ಬೆರಳು ನೋಡಿಕೊಳ್ಳುತ್ತ, "ಶ್ರಾವಣ ಕಳೀಲಿ, ನಡೆದ್ರೆ ಇರ್ತದೆ, ಇಲ್ದಿದ್ರೆ ಇಲ್ಲ," ಎಂದು ಅಂಗಡಿಯಿಂದ ಫಾರಂ ಕೋಳಿ ತರಿಸಿದಳು. ಅದನ್ನು ತಿನ್ನುತ್ತ ದೊಡ್ಡಪ್ಪ, "ನನ್ ಪಟ್ಟಿಗೇ ವಾಯು ಇಳೀತು ನೋಡು," ಎಂದ. ಮೇಲಿನಿಂದ ಇನ್ನೊಂದು ದನಿ: "ಐಸೊಲೇಟ್ ಮಾಡಿದ್ದು ವರ್ಕ್ ಆಯ್ತಲ್ಲ ಮೇಡಂ!"

ಇದನ್ನು ಬರೆಯುತ್ತಿರುವುದು ಆಗಸ್ಟ್ 2ರಂದು. ಶ್ರಾವಣ ಕಳೆದ ಮೇಲಿನ ಮೊದಲ ಭಾನುವಾರಕ್ಕೆ ಹದಿನೇಳು ದಿನ ಉಳಿದಿದೆ. ಊತ ಇಳಿದಿದೆ, ಕಾಳು ತಿನ್ನುತ್ತದೆ, ಹಿತ್ತಲನ್ನು ಒಂದು ಸುತ್ತು ಬರುತ್ತದೆ. ಆದರೆ ಹೊರಬದಿಯ ಬೆರಳು ಬುಡದಿಂದ ತುದಿಯವರೆಗೆ ಕಪ್ಪಾಗಿ ಒಣಗಿದೆ. ಅದು ತಾನಾಗಿ ಉದುರುವವರೆಗೆ ಕಾಯಬೇಕೋ, ಕತ್ತರಿಸಬೇಕೋ ತಿಳಿಯದು. ಒಳಗೆ ಹನ್ನೆರಡನೇ ತುಂಡು ಉಳಿದಿದೆಯೇ ಎಂದು ತಿಳಿಯುವುದು ಹೇಗೆಂಬುದೂ ತಿಳಿಯದು. ಬಲ್ಲವರು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ, ಹದಿನೇಳು ದಿನದೊಳಗೆ. ಕೋಳಿಯ ಕಾಲನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಿದವರು ಮಾತ್ರ ಬರೆದರೆ ಸಾಕು. ಮಿಕ್ಕವರು ನಮ್ಮ ಕಾಂಪೌಂಡಿನಲ್ಲೇ ಇದ್ದಾರೆ.